ಆಯನದ ಸಂತೆಯಲ್ಲಿ ಕಲರ್ ಹಾಕಿದ ತಿಂಡಿ: ಕರ್ನಾಟಕದ ನಿಷೇಧ ತಲಪಾಡಿ ಗಡಿಯ ಈಚೆಗೂ ಬರುತ್ತದಾ?

ಬದಿಯಡ್ಕದವ

ನಮಸ್ಕಾರ. ವಿಷಯ ಸಣ್ಣದು, ಆದರೆ ಸಮಿತಿಯ ಎರಡು ಮೀಟಿಂಗ್ ಇದರಲ್ಲೇ ಮುಗಿದುಹೋಯಿತು. ಹಾಗಾಗಿ ಇಲ್ಲಿ ಕೇಳುತ್ತಿದ್ದೇನೆ.

ನಮ್ಮ ಊರಿನ ಆಯನಕ್ಕೆ, ಅಂದರೆ ವರ್ಷದ ಜಾತ್ರೆಗೆ, ಇನ್ನು ಐದು ವಾರ ಉಂಟು. ಗದ್ದೆಯಲ್ಲಿ ಸಂತೆ ಜಾಗ ಏಲಂ ಮಾಡುವ ಕೆಲಸ ಈ ಸಲ ನನ್ನ ತಲೆಗೆ ಬಂದಿದೆ. ಮೂವತ್ತು ಚಿಲ್ಲರೆ ಸ್ಟಾಲು. ಬಳೆ, ಬಲೂನು, ಪಾತ್ರೆ ಬಿಟ್ಟರೆ ಹನ್ನೆರಡು ತಿಂಡಿಯದ್ದೇ. ಗೋಬಿ, ಚರುಮುರಿ, ಹಲ್ವ, ಐಸ್‌ಕ್ಯಾಂಡಿ, ಬೊಂಬಾಯಿ ಮಿಠಾಯಿ (ಕಾಟನ್ ಕ್ಯಾಂಡಿ).

ಕಳೆದ ವರ್ಷ ಆಯನ ಮುಗಿದ ಮರುದಿನ ಬೆಳಿಗ್ಗೆ ಅಣ್ಣನ ಮಗಳನ್ನು ನೋಡಿದೆ. ಏಳು ವರ್ಷದವಳು. ನಾಲಿಗೆ, ತುಟಿ, ಬೆರಳಿನ ಸಂದು ಎಲ್ಲ ಗುಲಾಬಿ. ಸೋಪು ಹಾಕಿ ತಿಕ್ಕಿದರೂ ಎರಡು ದಿನ ಹೋಗಲಿಲ್ಲ. ಫ್ರಾಕಿಗೆ ತಾಗಿದ್ದು ಇವತ್ತಿಗೂ ಹಾಗೇ ಉಂಟು. ಮಗುವಿಗೆ ಏನೂ ಆಗಲಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಬಟ್ಟೆಯಿಂದ ಹೋಗದ ಬಣ್ಣ ಹೊಟ್ಟೆಯೊಳಗೆ ಎಂತ ಮಾಡುತ್ತದೆ ಅಂತ ಅತ್ತಿಗೆ ಕೇಳಿದಾಗ ನನ್ನಲ್ಲಿ ಉತ್ತರ ಇರಲಿಲ್ಲ.

2024ರ ಮಾರ್ಚ್ 11ರಂದು ಕರ್ನಾಟಕ ಸರಕಾರ ಗೋಬಿ ಮಂಚೂರಿಗೂ ಬೊಂಬಾಯಿ ಮಿಠಾಯಿಗೂ ಕೃತಕ ಬಣ್ಣ ಹಾಕಬಾರದು ಅಂತ ಆದೇಶ ಮಾಡಿತು. ನಾವು ಗಡಿಯ ಈಚೆ, ಕೇರಳದವರು. ಆದರೆ ಸಂತೆಗೆ ಬರುವವರಲ್ಲಿ ಅರ್ಧ ಜನ ವಿಟ್ಲ, ಪುತ್ತೂರು ಕಡೆಯವರು. ಆಚೆ ತಪ್ಪು, ಈಚೆ ಸರಿ ಅಂತಾ? ಸಮಿತಿಯ ಹಿರಿಯರೊಬ್ಬರು "ಅದು ಅವರ ಕಾನೂನು, ನಮಗೆ ಯಾಕೆ ಉಸಾಬರಿ" ಅಂದರು. ಗೊತ್ತಿದ್ದವರು ಹೇಳಿ.

ಪೆರ್ಲದ ತೋಟ

ಹಿರಿಯರು ಹೇಳಿದ್ದೇ ಸರಿ ಮಾರಾಯ್ರೇ. ನಿಷೇಧ ಅಂದರೆ ನಮ್ಮೂರಿನವರಿಗೆ ಹೊಸತಾ? ಎಣ್ಮಕಜೆ ಕಡೆ ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಸುಪ್ರೀಂ ಕೋರ್ಟು ಇಡೀ ದೇಶಕ್ಕೆ ತಡೆ ಕೊಟ್ಟದ್ದು 2011ರ ಮೇ 13ಕ್ಕೆ. ಅಷ್ಟು ಹೊತ್ತಿಗೆ ಒಂದು ತಲೆಮಾರು ಮಲಗಿದಲ್ಲೇ ಆಗಿತ್ತು. ಅಂಥದ್ದಕ್ಕೆ ಅಷ್ಟು ವರ್ಷ ಬೇಕಾದ ಮೇಲೆ, ವರ್ಷಕ್ಕೊಮ್ಮೆ ತಿನ್ನುವ ಗೋಬಿಗೆ ಯಾಕೆ ಇಷ್ಟು ಗಲಾಟೆ?

ಇನ್ನೊಂದು. 2016ರಲ್ಲಿ ನಮ್ಮ ಕೇರಳ ಬರ್ಗರಿಗೂ ಪಿಜ್ಜಾಕ್ಕೂ ನೂರಕ್ಕೆ 14.5 ಕೊಬ್ಬಿನ ತೆರಿಗೆ ಹಾಕಿತ್ತು, ನೆನಪಿದೆಯಾ? ಮರುವರ್ಷ ಜಿಎಸ್‌ಟಿ ಬಂತು, ತೆರಿಗೆ ಹೋಯಿತು. ಕೊಬ್ಬು ಮಾತ್ರ ಹೋಗಲಿಲ್ಲ.

ಕಪ್ಪು ಕೋಟು

ಬದಿಯಡ್ಕದವರೇ, ನಿಮ್ಮ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಪ್ರಶ್ನೆಯನ್ನೇ ಸ್ವಲ್ಪ ತಿರುಗಿಸಬೇಕು. ಗೋಬಿಗೆ ಕಲರ್ ಹಾಕುವುದು ಆಚೆಯೂ ತಪ್ಪು, ಈಚೆಯೂ ತಪ್ಪು. 2024ಕ್ಕಿಂತ ಮೊದಲೇ ತಪ್ಪು.

ಆಹಾರದ ವಿಷಯದಲ್ಲಿ ಈಗ ಇರುವುದು ಕೇಂದ್ರದ ಒಂದೇ ಕಾಯಿದೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ, 2006ರದ್ದು, 2011ರ ಆಗಸ್ಟ್ 5ರಿಂದ ಜಾರಿಯಲ್ಲಿದೆ. ಅದಕ್ಕಿಂತ ಮೊದಲಿದ್ದ 1954ರ ಕಲಬೆರಕೆ ತಡೆ ಕಾಯಿದೆ ರದ್ದಾಯಿತು. ಈ ನಿಯಮಗಳ ಪ್ರಕಾರ ತಿಂಡಿಗೆ ಹಾಕಬಹುದಾದ ಕೃತಕ ಬಣ್ಣ ಎಂಟು ಮಾತ್ರ. ಆ ಎಂಟನ್ನೂ ಎಲ್ಲದಕ್ಕೂ ಹಾಕುವ ಹಾಗಿಲ್ಲ. ಐಸ್‌ಕ್ರೀಂ, ಬಿಸ್ಕತ್ತು, ಕೆಲವು ಸಿಹಿತಿಂಡಿ ಅಂತ ಪಟ್ಟಿ ಉಂಟು. ಹೆಚ್ಚಿನವಕ್ಕೆ ಮಿತಿ ಕಿಲೋಗೆ 100 ಮಿಲಿಗ್ರಾಂ. ಗೋಬಿ ಮಂಚೂರಿ ಆ ಪಟ್ಟಿಯಲ್ಲೇ ಇಲ್ಲ. ನಿಮ್ಮ ಅಣ್ಣನ ಮಗಳ ನಾಲಿಗೆಯಲ್ಲಿ ಕಂಡ ಗುಲಾಬಿ ರೋಡಮೈನ್-ಬಿ ಆಗಿದ್ದರೆ ಅದು ಎಂಟರಲ್ಲೂ ಇಲ್ಲ. ಅದು ಬಟ್ಟೆಗೆ ಹಾಕುವ ಬಣ್ಣ. ಬಟ್ಟೆಯಿಂದ ಹೋಗದಿರುವುದು ಅದರ ಗುಣ, ದೋಷ ಅಲ್ಲ.

ಹಾಗಾದರೆ ಕರ್ನಾಟಕ ಮಾಡಿದ್ದೇನು? ಇದ್ದ ನಿಯಮವನ್ನು ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿತು. ಅದೇನು ಸಣ್ಣ ಕೆಲಸ ಅಲ್ಲ. ಹೇಳುವ ಮೊದಲು ಸ್ಯಾಂಪಲ್ ತೆಗೆದರು. 171 ಗೋಬಿ ಸ್ಯಾಂಪಲ್‌ನಲ್ಲಿ 107, 25 ಬೊಂಬಾಯಿ ಮಿಠಾಯಿಯಲ್ಲಿ 15 ಅಸುರಕ್ಷಿತ ಅಂತ ಬಂತು. ಅದೇ ವರ್ಷ ಜೂನ್‌ನಲ್ಲಿ ಕಬಾಬಿಗೂ ಹಾಗೇ ಆದೇಶ ಆಯಿತು. ಅದಕ್ಕೂ ಮೊದಲು, ಫೆಬ್ರವರಿಯಲ್ಲಿ, ಪುದುಚೇರಿಯೂ ತಮಿಳುನಾಡೂ ಬೊಂಬಾಯಿ ಮಿಠಾಯಿಯನ್ನು ನಿಲ್ಲಿಸಿದ್ದವು.

ರಾಜ್ಯಗಳಿಗೆ ಸ್ವಂತವಾಗಿ ಇರುವ ಬಲ ಅಂದರೆ ಇದೇ ಕಾಯಿದೆಯ ಸೆಕ್ಷನ್ 30(2)(ಎ). ರಾಜ್ಯದ ಆಹಾರ ಸುರಕ್ಷತಾ ಆಯುಕ್ತರು ಜನರ ಆರೋಗ್ಯಕ್ಕಾಗಿ ಒಂದು ತಿನಿಸನ್ನು ನಿಷೇಧಿಸಬಹುದು. ಆದರೆ ಒಂದು ಆದೇಶದ ಆಯುಸ್ಸು ಹೆಚ್ಚೆಂದರೆ ಒಂದು ವರ್ಷ. 2025ರ ಏಪ್ರಿಲ್‌ನಲ್ಲಿ ತಮಿಳುನಾಡು ಹಸಿ ಮೊಟ್ಟೆಯ ಮಯೊನೈಸನ್ನು ನಿಲ್ಲಿಸಿದ್ದು ಇದರ ಕೆಳಗೇ, ಒಂದು ವರ್ಷಕ್ಕೆ. ಗುಟ್ಕಾ ಆದೇಶವನ್ನು ರಾಜ್ಯಗಳು ವರ್ಷ ವರ್ಷ ನವೀಕರಿಸುವುದೂ ಇದಕ್ಕೇ.

ಪೆರ್ಲದ ತೋಟ

ಗುಟ್ಕಾ ಅಂತ ಹೇಳಿದಿರಲ್ಲ ವಕೀಲರೇ, ಅಲ್ಲೇ ನನ್ನ ಹೊಟ್ಟೆನೋವು. 2012ರ ಮೇ ತಿಂಗಳಲ್ಲಿ ಕೇರಳ ಗುಟ್ಕಾ ನಿಲ್ಲಿಸಿತು. ಕರ್ನಾಟಕ ನಿಲ್ಲಿಸಿದ್ದು ಮರುವರ್ಷ. ಆ ಒಂದು ವರ್ಷ ತಲಪಾಡಿಯ ಆಚೆ ಈಚೆ ಎಂತೆಂಥಾ ಬ್ಯಾಗು ಓಡಾಡಿತು ಅಂತ ಬಸ್ಸಿನವರನ್ನು ಕೇಳಿ. ತಂಬಾಕಿನ ಹೆಸರಿನಲ್ಲಿ ನಿಷೇಧ, ಪೇಪರಿನಲ್ಲಿ ಬಂದದ್ದು "ಅಡಿಕೆ ಉತ್ಪನ್ನ". ನಾವು ನಾಲ್ಕು ಎಕರೆ ಅಡಿಕೆ ನಂಬಿದವರು. ಇವತ್ತು ಗೋಬಿಯ ಕಲರ್, ನಾಳೆ ಬೀಡದ ಅಡಿಕೆ. ಹೀಗೆ ಒಂದೊಂದೇ ಬರುವುದು.

ಹಪ್ಪಳದಕ್ಕ

ತೋಟದಣ್ಣ, ಗೋಬಿಯ ಬಾಣಲೆಗೆ ಅಡಿಕೆ ಹಾಕಿ ಮಗುಚಬೇಡಿ. ಅದು ಬೇರೆ ಚರ್ಚೆ, ಬೇಕಿದ್ದರೆ ಇನ್ನೊಂದು ಶುರು ಮಾಡಿ. ನಾನೂ ಬರುತ್ತೇನೆ, ನಮಗೂ ತೋಟ ಉಂಟು.

ಮುಳ್ಳೇರಿಯ ಟು ಸ್ಯಾನ್ ಹೋಸೆ

ಇಲ್ಲಿಯ ಕಥೆ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಪೂರಾ ಉಲ್ಟಾ. ಅಮೆರಿಕದಲ್ಲಿ ಕೇಂದ್ರ ಸುಮ್ಮನೆ ಕೂತಿತ್ತು, ರಾಜ್ಯಗಳೇ ಕಾನೂನು ತಂದವು.

ನಾನಿರುವ ಕ್ಯಾಲಿಫೋರ್ನಿಯಾ ಮೊದಲು ಶುರು ಮಾಡಿತು. 2023ರ ಅಕ್ಟೋಬರ್ 7ಕ್ಕೆ ಗವರ್ನರ್ ಗ್ಯಾವಿನ್ ನ್ಯೂಸಮ್ ಸಹಿ ಹಾಕಿದರು. ನಾಲ್ಕು ವಸ್ತುಗಳಿಗೆ ನಿಷೇಧ: ಬ್ರೋಮಿನ್ ಸೇರಿಸಿದ ಸಸ್ಯದ ಎಣ್ಣೆ, ಪೊಟ್ಯಾಸಿಯಂ ಬ್ರೋಮೇಟ್, ಪ್ರೊಪೈಲ್ ಪ್ಯಾರಾಬೆನ್, ಮತ್ತೆ ರೆಡ್ 3 ಅನ್ನುವ ಕೆಂಪು ಬಣ್ಣ. ಕಂಪೆನಿಗಳಿಗೆ 2027ರ ಜನವರಿ 1ರವರೆಗೆ ಸಮಯ ಕೊಟ್ಟರು. ಮರುವರ್ಷ ಇನ್ನೊಂದು ಕಾನೂನು ತಂದು ಸರಕಾರಿ ಶಾಲೆಯ ಊಟದಲ್ಲಿ ಬೇರೆ ಆರು ಬಣ್ಣ ಇರಬಾರದು ಅಂದರು. 2025ರ ಮಾರ್ಚ್‌ನಲ್ಲಿ ವೆಸ್ಟ್ ವರ್ಜೀನಿಯಾ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಯಿತು. ಏಳು ಬಣ್ಣ, ಶಾಲೆಗಳಲ್ಲಿ ಅದೇ ವರ್ಷದ ಆಗಸ್ಟ್‌ನಿಂದಲೇ. ಒಂದು ಕಡೆ ಡೆಮಾಕ್ರಾಟರ ರಾಜ್ಯ, ಇನ್ನೊಂದು ರಿಪಬ್ಲಿಕನ್ನರದ್ದು. ಬೇರೆ ಯಾವುದರಲ್ಲೂ ಒಂದಾಗದವರು ಮಿಠಾಯಿಯ ಬಣ್ಣದಲ್ಲಿ ಒಂದಾದರು.

ರಾಜ್ಯ ಒತ್ತಿದ ಮೇಲೆ ಕೇಂದ್ರ ಎದ್ದಿತು. 2024ರಲ್ಲಿ ಬ್ರೋಮಿನ್ ಎಣ್ಣೆಯ ಅನುಮತಿ ಹೋಯಿತು, 2025ರ ಜನವರಿ 15ಕ್ಕೆ ರೆಡ್ 3ರದ್ದು. ಇದೇ ರೆಡ್ 3ನ್ನು ಲಿಪ್‌ಸ್ಟಿಕ್ಕಿನಂಥ ಸೌಂದರ್ಯ ಸಾಮಗ್ರಿಗೆ ಹಾಕಬಾರದು ಅಂತ ಅವರು 1990ರಲ್ಲೇ ಹೇಳಿದ್ದರು. ತುಟಿಗೆ ಹಚ್ಚಬಾರದು, ನುಂಗಬಹುದು! ಮೂವತ್ತೈದು ವರ್ಷ ಹೀಗೇ ನಡೆಯಿತು.

ನನಗೆ ಮಜಾ ಅನ್ನಿಸಿದ್ದು ಬೇರೆ. ಆ ನಾಲ್ಕರಲ್ಲಿ ಎರಡನ್ನು ಭಾರತ ಮೊದಲೇ ತೆಗೆದಿತ್ತು. ಬ್ರೋಮಿನ್ ಎಣ್ಣೆ 1990ರಲ್ಲಿ, ಪೊಟ್ಯಾಸಿಯಂ ಬ್ರೋಮೇಟ್ 2016ರಲ್ಲಿ. "ವಿದೇಶದಲ್ಲಿ ಎಲ್ಲ ಕ್ಲೀನ್" ಅಂತ ಹೇಳುವ ಮಾವಂದಿರಿಗೆ ಇದನ್ನು ಓದಿ ಹೇಳಿ. ಆದರೆ ರೆಡ್ 3 ಅಂದರೆ ನಮ್ಮಲ್ಲಿ ಎರಿತ್ರೋಸಿನ್, ಐಎನ್‌ಎಸ್ 127 (ತಿಂಡಿಗೆ ಸೇರಿಸುವ ವಸ್ತುಗಳಿಗೆ ಕೊಟ್ಟ ಅಂತಾರಾಷ್ಟ್ರೀಯ ನಂಬರು). ವಕೀಲರು ಹೇಳಿದ ಎಂಟರ ಪಟ್ಟಿಯಲ್ಲಿ ಅದು ಇನ್ನೂ ಉಂಟು.

ಬೇಕರಿ ಭಾವ

ಬ್ರೋಮೇಟಿನ ಮಾತು ಬಂತಲ್ಲ, ಅದು ನನ್ನ ಹಳೆ ದೋಸ್ತಿ. ಹೊಸಂಗಡಿ ಹತ್ತಿರ ಒಂದು ಬೋರ್ಮೆಯಲ್ಲಿ, ಅಂದರೆ ಬೇಕರಿಯ ಒಲೆಮನೆಯಲ್ಲಿ, ಹನ್ನೊಂದು ವರ್ಷ ದುಡಿದವ ನಾನು. ಮೈದಾಕ್ಕೆ "ಇಂಪ್ರೂವರ್" ಅಂತ ಒಂದು ಬಿಳಿ ಪುಡಿ ಹಾಕುತ್ತಿದ್ದೆವು. ಅದರೊಳಗೆ ಎಂತ ಉಂಟು ಅಂತ ನಾವು ಕೇಳಲಿಲ್ಲ, ಯಜಮಾನರೂ ಹೇಳಲಿಲ್ಲ. ಅವರಿಗೂ ಗೊತ್ತಿತ್ತೋ ಇಲ್ಲವೋ. 2016ರಲ್ಲಿ ದಿಲ್ಲಿಯ ಸಿಎಸ್‌ಇ ಅನ್ನುವ ಪರಿಸರ ಸಂಸ್ಥೆಯವರು 38 ಬ್ರೆಡ್ ಸ್ಯಾಂಪಲ್ ಪರೀಕ್ಷೆ ಮಾಡಿ, ನೂರಕ್ಕೆ 84ರಲ್ಲಿ ಬ್ರೋಮೇಟೋ ಅಯೊಡೇಟೋ ಇದೆ ಅಂತ ಹೇಳಿದರು. ಮರುತಿಂಗಳೇ ಬ್ರೋಮೇಟ್ ನಿಷೇಧ ಆಯಿತು. ನಮ್ಮಲ್ಲಿ ಒಂದು ವಾರ ಬ್ರೆಡ್ಡು ಕುಳ್ಳಗೆ ಬಂತು. ಆಮೇಲೆ ವಿಟಮಿನ್ ಸಿ ಹಾಕುವ ಇಂಪ್ರೂವರ್ ಬಂತು, ಹಿಟ್ಟನ್ನು ಸ್ವಲ್ಪ ಜಾಸ್ತಿ ಹೊತ್ತು ಇಟ್ಟೆವು, ಸರಿಹೋಯಿತು. ಗಿರಾಕಿಗಳಲ್ಲಿ ಒಬ್ಬನೂ ವ್ಯತ್ಯಾಸ ಕೇಳಲಿಲ್ಲ.

ಯಾಕೆ ಹೇಳಿದೆ ಅಂದರೆ, ಬ್ರೋಮೇಟಿಗೆ ಬಣ್ಣ ಇಲ್ಲ. ಕಣ್ಣಿಗೆ ಕಾಣದ್ದನ್ನು ತೆಗೆಯುವುದು ಸುಲಭ, ಯಾರೂ ಅಳುವುದಿಲ್ಲ. ಗೋಬಿಯದ್ದು ಹಾಗಲ್ಲ.

ಗೋಬಿ ಗಾಡಿ

ಎಲ್ಲರೂ ಗೋಬಿ ಗೋಬಿ ಅಂತಿದ್ದೀರಿ, ಗೋಬಿಯವನೇ ಬಂದಿದ್ದೇನೆ. ಉಪ್ಪಳ ಕಡೆಯವ. ಹಗಲು ಗಾಡಿ, ಜಾತ್ರೆ ಸೀಸನ್ನಿನಲ್ಲಿ ಸ್ಟಾಲು. ಆಚೆ ಉಳ್ಳಾಲದವರೆಗೂ ಹೋಗುತ್ತೇನೆ, ಈಚೆ ಮುಳ್ಳೇರಿಯದವರೆಗೂ.

ನಾನು ಕಲರ್ ಹಾಕುತ್ತಿದ್ದೆ. ಹೌದು. ಎಲ್ಲರೂ ಹಾಕುತ್ತಿದ್ದರು. ಕೆಲಸ ಕಲಿಸಿದವರೇ ಹಾಕಿ ತೋರಿಸಿದ್ದು. ಹತ್ತು ರೂಪಾಯಿಯ ಡಬ್ಬಿ ಒಂದು ವಾರ ಬರುತ್ತಿತ್ತು. ಕಾರ್ನ್‌ಫ್ಲೋರಿಗೆ ಒಂದು ಚಿಟಿಕೆ, ಮತ್ತೆ ಬಾಣಲೆಗೆ ಒಂದು ಚಿಟಿಕೆ. ರಾತ್ರಿ ಟ್ಯೂಬ್‌ಲೈಟಿನಲ್ಲಿ ಹತ್ತು ಮಾರು ದೂರದಿಂದ ಕಾಣಬೇಕು ಅಂದರೆ ಅಷ್ಟು ಬೇಕು.

2024ರಲ್ಲಿ ಆಚೆ ಆದೇಶ ಬಂತು. ಅಲ್ಲಿ ಫುಡ್ ಸೇಫ್ಟಿಯವರು ಸ್ಟಾಲಿಗೆ ಬಂದು ಡಬ್ಬಿ ಎಲ್ಲ ತೆಗೆದು ನೋಡಿದರು. ನಾನು ಡಬ್ಬಿ ಬಿಸಾಡಿದೆ. ಆ ರಾತ್ರಿ ಕಂದು ಬಣ್ಣದ ಗೋಬಿ ಮಾರಿದೆ. ಪಕ್ಕದವನೂ ಕಂದೇ, ಎದುರಿನವನೂ ಕಂದೇ. ವ್ಯಾಪಾರಕ್ಕೆ ಏನೂ ತೊಂದರೆ ಆಗಲಿಲ್ಲ. ಮುಂದಿನ ವಾರ ಈಚೆ ಒಂದು ಕಡೆ ಸ್ಟಾಲು ಹಾಕಿದೆ. ಅದೇ ಕಂದು ಗೋಬಿ. ಪಕ್ಕದವನದ್ದು ಕೆಂಪಗೆ ಬೆಂಕಿ. ನನ್ನ ಪ್ಲೇಟು ನೋಡಿ ಒಬ್ಬ ಹುಡುಗ "ಇದು ನಿನ್ನೆದಾ ಅಣ್ಣಾ" ಅಂತ ಕೇಳಿದ. ಎಂಟು ಗಂಟೆಗೆ ನನ್ನಲ್ಲಿ ಅರ್ಧ ಬಾಣಲೆ ಉಳಿದಿತ್ತು, ಅವನಲ್ಲಿ ಕ್ಯೂ. ಮರುದಿನ ನಾನೂ ಡಬ್ಬಿ ತಂದೆ. ನಾಚಿಕೆ ಇಲ್ಲದೆ ಹೇಳುತ್ತಿದ್ದೇನೆ.

ಒಬ್ಬನೇ ನಿಲ್ಲಿಸಿದರೆ ಅವ ಸಾಯುತ್ತಾನೆ. ಎಲ್ಲರೂ ನಿಲ್ಲಿಸಿದರೆ ಯಾರಿಗೂ ಏನೂ ಆಗುವುದಿಲ್ಲ.

ಈಗ ನಾನು ಬ್ಯಾಡಗಿ ಮೆಣಸಿನ ಪುಡಿ ಹಾಕುತ್ತೇನೆ. ಅದರ ಬಣ್ಣ ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಹಾಗಾಗಿ ಮೊದಲು ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಪುಡಿ ಹಾಕಿ, ಆಮೇಲೆ ಬೆಳ್ಳುಳ್ಳಿ, ಆಮೇಲೆ ಸಾಸು. ಉರಿ ಜಾಸ್ತಿಯಾದರೆ ಕರಟಿ ಕಪ್ಪಾಗುತ್ತದೆ. ಬೀಟ್‌ರೂಟೂ ಹಾಕಿ ನೋಡಿದ್ದೆ, ಬಿಸಿಗೆ ಅದರ ಬಣ್ಣ ಸತ್ತುಹೋಗುತ್ತದೆ. ಬ್ಯಾಡಗಿ ದಿನಕ್ಕೆ ಕಾಲು ಕಿಲೋ ಬೇಕು. ಹತ್ತು ರೂಪಾಯಿಯ ಡಬ್ಬಿಗೂ ಇದಕ್ಕೂ ಎಷ್ಟು ವ್ಯತ್ಯಾಸ ಅಂತ ನೀವೇ ಲೆಕ್ಕ ಹಾಕಿ. ಬೆಂಕಿ ಕೆಂಪು ಬರುವುದಿಲ್ಲ, ಇಟ್ಟಿಗೆ ಕೆಂಪು ಬರುತ್ತದೆ.

ಇನ್ನೊಂದು ವಿಷಯ. ಡಬ್ಬಿ ಬಿಟ್ಟ ಮೇಲೂ ನನ್ನ ಗೋಬಿ ಸ್ವಲ್ಪ ಕೆಂಪಿರುತ್ತಿತ್ತು. ಎಲ್ಲಿಂದ ಅಂತ ನೋಡಿದರೆ ಐದು ಲೀಟರ್ ಕ್ಯಾನಿನ ಸಾಸು. ಸಣ್ಣ ಅಕ್ಷರದಲ್ಲಿ 110, 124 ಅಂತ ಇತ್ತು. ಅದು ಬಣ್ಣ ಅಂತ ನನಗೆ ಯಾರು ಹೇಳಬೇಕು? ನಂಬರು ನೋಡಿ ಲಾಟ್ ನಂಬರ್ ಅಂದುಕೊಂಡಿದ್ದೆ.

ಕುಂಬಳೆ ಟೀಚರ್

ಗೋಬಿಯಣ್ಣ, ನೀವು ಬರೆದದ್ದನ್ನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಓದಿ ಹೇಳಿದೆ.

110 ಅಂದರೆ ಸನ್‌ಸೆಟ್ ಯೆಲ್ಲೋ, 124 ಅಂದರೆ ಪಾನ್ಸೋ 4ಆರ್. 102 ಟಾರ್ಟ್ರಜಿನ್, ನಮ್ಮ "ಲಡ್ಡು ಕಲರ್" ಹೆಚ್ಚಾಗಿ ಅದೇ. 122 ಕಾರ್ಮೋಯ್ಸಿನ್. ಇವು ನಾಲ್ಕೂ ಯುರೋಪಿನಲ್ಲಿ ಸಿಗುತ್ತವೆ, ಆದರೆ 2010ರ ಜುಲೈಯಿಂದ ಪ್ಯಾಕೆಟ್ ಮೇಲೆ "ಮಕ್ಕಳ ಚಟುವಟಿಕೆ ಮತ್ತು ಗಮನದ ಮೇಲೆ ಕೆಟ್ಟ ಪರಿಣಾಮ ಆಗಬಹುದು" ಅಂತ ಬರೆಯಬೇಕು. ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ 2007ರಲ್ಲಿ ಬಂದ ಅಧ್ಯಯನದ ನಂತರ ಆದದ್ದು ಅದು. ಕಂಪೆನಿಗಳು ಆ ಸಾಲು ಬರೆಯುವ ಬದಲು ಬಣ್ಣವನ್ನೇ ಬದಲಿಸಿದವು. ನಮ್ಮಲ್ಲಿ "ಅನುಮತಿ ಇರುವ ಕೃತಕ ಬಣ್ಣ ಇದೆ" ಅಂತ ಬರೆದು ಬಣ್ಣದ ಹೆಸರೋ ನಂಬರೋ ಹಾಕಿದರೆ ಸಾಕು. ಕೇಳಿದರೆ ಪ್ರಶಸ್ತಿ ಸಿಕ್ಕಿದ ಹಾಗೆ ಇರುತ್ತದೆ!

ಪ್ರಮಾಣದ ಒಂದು ಲೆಕ್ಕ. ಕಿಲೋಗೆ 100 ಮಿಲಿಗ್ರಾಂ ಅಂದರೆ ಎಷ್ಟು? ಚಹಾ ಚಮಚದಲ್ಲಿ 5 ಗ್ರಾಂ ಶುದ್ಧ ಬಣ್ಣ ಹಿಡಿಯುತ್ತದೆ ಅಂತ ಇಟ್ಟುಕೊಳ್ಳಿ. ಆ ಒಂದು ಚಮಚ 50 ಕಿಲೋ ತಿಂಡಿಗೆ ಆಗಬೇಕು. ಅನುಮತಿ ಇರುವ ಸಿಹಿತಿಂಡಿಗೇ ಇಷ್ಟು. ಚಿಟಿಕೆ ಲೆಕ್ಕದಲ್ಲಿ ಹಾಕುವವರಿಗೆ ಈ ಮಿತಿ ಎಲ್ಲಿ ಸಿಗುತ್ತದೆ?

ಮಕ್ಕಳೊಟ್ಟಿಗೆ ಮಾಡಿದ ಒಂದು ಪ್ರಯೋಗ ಹೇಳುತ್ತೇನೆ. ಮನೆಯ ಪುನರ್ಪುಳಿ ಶರಬತ್ತಿಗೆ ಅಡಿಗೆ ಸೋಡಾ ಹಾಕಿದರೆ ಕೆಂಪು ಹೋಗಿ ನೀಲಿ-ಹಸಿರಿನ ಕಡೆಗೆ ತಿರುಗುತ್ತದೆ. ಕೃತಕ ಬಣ್ಣದ ಶರಬತ್ತು ಹೆಚ್ಚುಕಡಿಮೆ ಹಾಗೇ ನಿಲ್ಲುತ್ತದೆ. ಬೊಂಬಾಯಿ ಮಿಠಾಯಿಗೆ ಇನ್ನೊಂದು ದಾರಿ. ಸ್ವಲ್ಪವನ್ನು ಜಾಸ್ತಿ ನೀರಿನಲ್ಲಿ ಕರಗಿಸಿ, ಕತ್ತಲೆಯಲ್ಲಿ ನೋಟು ನೋಡುವ ಯುವಿ ಟಾರ್ಚ್ ಹಾಕಿ. ರೋಡಮೈನ್ ಇದ್ದರೆ ಕಿತ್ತಳೆ ಬಣ್ಣಕ್ಕೆ ಹೊಳೆಯುತ್ತದೆ. ಇದು ಲ್ಯಾಬ್ ರಿಪೋರ್ಟ್ ಅಲ್ಲ, ಸಂಶಯ ಹುಟ್ಟಿಸಲು ಸಾಕು ಅಷ್ಟೇ.

ಮತ್ತೊಂದು ಅನ್ನಿಸಿದ್ದು. ಎಷ್ಟೋ ಸ್ಟಾಲಿನಲ್ಲಿ "ಇಲ್ಲಿ ಅಜಿನೊಮೊಟೊ ಬಳಸುವುದಿಲ್ಲ" ಅಂತ ದೊಡ್ಡ ಬೋರ್ಡು ಇರುತ್ತದೆ. ಅದರ ಕೆಳಗೇ ಬೆಂಕಿ ಕೆಂಪು ಗೋಬಿ. ಅಜಿನೊಮೊಟೊದಲ್ಲಿರುವ ಗ್ಲುಟಮೇಟ್ ಟೊಮೆಟೊದಲ್ಲೂ ಉಂಟು. ಅದಕ್ಕೆ ಹೆದರುತ್ತೇವೆ, ಡಬ್ಬಿಯ ಬಣ್ಣಕ್ಕೆ ಹೆದರುವುದಿಲ್ಲ.

ಬದಿಯಡ್ಕದವ

ಓದಿ ತಲೆ ತಿರುಗಿತು, ಆದರೆ ಒಳ್ಳೆಯದಾಯಿತು. ವಕೀಲರೇ, ನಿಯಮ ಮೊದಲೇ ಉಂಟು ಅಂತಾದರೆ ಆಯನದ ಮೊದಲ ದಿನ ಫುಡ್ ಸೇಫ್ಟಿಯವರಿಗೆ ಒಂದು ಫೋನ್ ಮಾಡಿದರೆ ಆಯಿತಲ್ವಾ?

ಕಪ್ಪು ಕೋಟು

ಮಾಡಿ, ಬೇಡ ಅನ್ನುವುದಿಲ್ಲ. ಟೋಲ್ ಫ್ರೀ 1800 425 1125. ಆದರೆ ಲೆಕ್ಕ ಕೇಳಿ. ನಮ್ಮಲ್ಲಿ ಒಂದು ವಿಧಾನಸಭಾ ಕ್ಷೇತ್ರಕ್ಕೆ ಒಬ್ಬ ಅಧಿಕಾರಿ. ಜಾತ್ರೆ, ಕೋಲ, ಉರೂಸ್ ಎಲ್ಲ ಒಂದೇ ಸೀಸನ್ನಿಗೆ ಬರುತ್ತವೆ. ಅವರು ಬಂದು ಸ್ಯಾಂಪಲ್ ತೆಗೆದರೂ ಅದನ್ನು ನಾಲ್ಕು ಪಾಲು ಮಾಡಿ ಸೀಲ್ ಹಾಕಬೇಕು, ಒಂದು ಪಾಲು ಲ್ಯಾಬಿಗೆ ಹೋಗಬೇಕು. ರಿಪೋರ್ಟ್ ಕೊಡಲು ಕಾಯಿದೆಯಲ್ಲಿರುವ ಸಮಯ 14 ದಿನ. ನಿಮ್ಮ ಆಯನ ಎಷ್ಟು ದಿನ?

ಬದಿಯಡ್ಕದವ

ಐದು.

ಕಪ್ಪು ಕೋಟು

ನೋಡಿ. ರಿಪೋರ್ಟ್ ಬರುವಾಗ ಗದ್ದೆಯಲ್ಲಿ ಉದ್ದಿನ ಗಿಡ ಮೊಳಕೆ ಬಂದಿರುತ್ತದೆ. ಸ್ಟಾಲಿನವ ಯಾವ ಊರಿನಲ್ಲಿದ್ದಾನೋ!

ಖರೀದಿ ಮಾಡಿದವರೂ ಪರೀಕ್ಷೆಗೆ ಕೊಡಬಹುದು, ಸೆಕ್ಷನ್ 40. ಅಂಗಡಿಯವನಿಗೆ ಮೊದಲೇ ತಿಳಿಸಬೇಕು, ಶುಲ್ಕ ಕಟ್ಟಬೇಕು, ಕಲಬೆರಕೆ ಅಂತ ಬಂದರೆ ಶುಲ್ಕ ವಾಪಸ್ಸು. ಇಷ್ಟು ವರ್ಷದಲ್ಲಿ ಅದಕ್ಕಾಗಿ ನನ್ನ ಹತ್ತಿರ ಬಂದವರು ಒಬ್ಬರೂ ಇಲ್ಲ.

ಅದಕ್ಕೇ ಹೇಳುವುದು, ನಿಮ್ಮ ಕೈಯಲ್ಲಿರುವ ಬಲವಾದ ಕಾಗದ ಸರಕಾರದ್ದಲ್ಲ. ಏಲಂ ಕರಾರು. ಜಾಗ ನಿಮ್ಮದು, ಶರತ್ತೂ ನಿಮ್ಮದು. ಕಲರ್ ಡಬ್ಬಿ ಸ್ಟಾಲಿನಲ್ಲಿ ಕಂಡರೆ ಡಿಪಾಸಿಟ್ ವಾಪಸ್ಸಿಲ್ಲ, ಜಾಗ ಖಾಲಿ ಅಂತ ಬರೆಯಿರಿ. ಅದಕ್ಕೆ ಲ್ಯಾಬ್ ಬೇಡ, 14 ದಿನ ಬೇಡ. ಡಬ್ಬಿ ಕಾಣುವುದಕ್ಕೆ ಕಣ್ಣು ಸಾಕು. ಗೋಬಿಯವರು ಹೇಳಿದ ಹಾಗೆ ಎಲ್ಲರಿಗೂ ಒಂದೇ ಶರತ್ತು ಇರಲಿ. ಸಾಸಿನ ಬಿಲ್ಲೂ ಕೇಳಿ. 2022ರ ಜನವರಿ 1ರಿಂದ ಬಿಲ್ಲಿನಲ್ಲಿ 14 ಅಂಕೆಯ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರು ಇರಲೇಬೇಕು. ನಂಬರಿಲ್ಲದ ಬಿಲ್ಲಿನ ಸಾಸು ಬೇಡ. ಸ್ಟಾಲಿನವರದ್ದೇ ನೋಂದಣಿಯ ಕಾಪಿಯೂ ಬೇಕು, ತಾತ್ಕಾಲಿಕ ಸ್ಟಾಲಿಗೂ ಅದು ಕಡ್ಡಾಯ.

ಹಪ್ಪಳದಕ್ಕ

ಒಳ್ಳೆಯ ಮಾತು. ನೋಂದಣಿ ಅಂದರೆ ಹೆದರಬೇಡಿ, ನಮ್ಮ ಕುಡುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘ) ಘಟಕಕ್ಕೆ ಮಾಡಿಸಿದಾಗ ವರ್ಷಕ್ಕೆ 100 ರೂಪಾಯಿ ಶುಲ್ಕ. ಸರಕಾರಿ ಆನ್‌ಲೈನ್ ಕೆಲಸ ಮಾಡಿಕೊಡುವ ಅಕ್ಷಯ ಕೇಂದ್ರದಲ್ಲಿ ಕೂತು ಮಾಡಿಸಿದೆವು.

ನನ್ನದೊಂದು ಅನುಭವ ಹೇಳುತ್ತೇನೆ. ಎರಡು ವರ್ಷದ ಹಿಂದೆ ಪೇಟೆಯ ಒಂದು ಅಂಗಡಿಯವರು ನಮ್ಮ ಹಲಸಿನ ಹಪ್ಪಳ ನೋಡಿ "ರುಚಿ ಲಾಯ್ಕುಂಟು, ಆದರೆ ಮಂಕಾಗಿದೆ. ಸ್ವಲ್ಪ ಹಳದಿ ಬರುವ ಹಾಗೆ ಮಾಡಿ" ಅಂದರು. ಅರಶಿನ ಹಾಕಿದರೆ ವಾಸನೆ ಬರುತ್ತದೆ. ಅವರೇ ಒಂದು ಡಬ್ಬಿ ತೋರಿಸಿದರು. ನಾವು ಒಪ್ಪಲಿಲ್ಲ, ಅವರು ಆರ್ಡರ್ ಕೊಡಲಿಲ್ಲ. ಹಪ್ಪಳ ಮಂಕಾಗದೆ ಮತ್ತೆಂತ ಆಗಬೇಕು? ಹಲಸಿನಕಾಯಿ ಬೇಯಿಸಿ ಕಡೆದು ಬಿಸಿಲಿಗೆ ಹಾಕಿದ್ದು ಅದು, ಪ್ಲಾಸ್ಟಿಕ್ ಅಲ್ಲ.

ಲೇಬಲ್ಲಿನ ವಿಷಯ. ನಿಯಮದ ಪ್ರಕಾರ ಇಂಗ್ಲಿಷ್ ಅಥವಾ ಹಿಂದಿ ಇದ್ದರೆ ಸಾಕು. ನಮ್ಮ ಅತ್ತೆಗೆ ಎರಡೂ ಬರುವುದಿಲ್ಲ. ಮಲಯಾಳ ಮಾತು ಗೊತ್ತು, ಅಕ್ಷರ ಗೊತ್ತಿಲ್ಲ. ಕನ್ನಡ ಮಾತ್ರ ಓದುತ್ತಾರೆ. ಅವರೇ ಮೊಮ್ಮಕ್ಕಳಿಗೆ ತಿಂಡಿ ತೆಗೆದುಕೊಡುವವರು. ನಾವು ನಮ್ಮ ಪ್ಯಾಕೆಟ್ಟಿನಲ್ಲಿ ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಹಾಕುತ್ತೇವೆ. ಜಾಗ ಸಾಲುವುದಿಲ್ಲ, ಆದರೂ ಹಾಕುತ್ತೇವೆ. ಕಚೇರಿಯಿಂದ ಬರುವ ನೋಟೀಸು ಮಾತ್ರ ಮಲಯಾಳದಲ್ಲೇ. ಬದಿಯಡ್ಕದವರೇ, ನಿಮ್ಮ ಬೋರ್ಡು ಕನ್ನಡದಲ್ಲೂ ಇರಲಿ. "ಕೃತಕ ವರ್ಣದ್ರವ್ಯ" ಅಂತ ಬರೆಯಬೇಡಿ. "ಕಲರ್ ಹಾಕಿದ ತಿಂಡಿ ಇಲ್ಲಿ ಇಲ್ಲ" ಅಂತ ಬರೆದರೆ ಅತ್ತೆಗೂ ಅರ್ಥ ಆಗುತ್ತದೆ.

ಪೆರ್ಲದ ತೋಟ

ಡಿಪಾಸಿಟ್, ಬಿಲ್ಲು, ನೋಂದಣಿ ಅಂತ ಕೇಳಿದರೆ ಏಲಂಗೆ ಯಾರು ಬರುತ್ತಾರೆ? ಸಂತೆಯ ದುಡ್ಡಿನಲ್ಲೇ ಅಲ್ವಾ ಬಯಲಾಟದ ಮೇಳಕ್ಕೆ ವೀಳ್ಯ ಕೊಡುವುದು. ಅದನ್ನೂ ಯೋಚನೆ ಮಾಡಿ.

ಗೋಬಿ ಗಾಡಿ

ನಾನು ಬರುತ್ತೇನೆ. ಶರತ್ತು ಎಲ್ಲರಿಗೂ ಇದ್ದರೆ ಮಾತ್ರ. ಮತ್ತೆ ನನ್ನ ಸ್ಟಾಲನ್ನು ಹಲ್ವದವನ ಪಕ್ಕ ಹಾಕಬೇಡಿ. ಅವನ ಹಸಿರು, ಕೆಂಪು, ಹಳದಿ ಗುಡ್ಡೆಯ ಎದುರು ನನ್ನ ಇಟ್ಟಿಗೆ ಕೆಂಪು ಸತ್ತ ಹಾಗೆ ಕಾಣುತ್ತದೆ.

ಬದಿಯಡ್ಕದವ

ಎರಡು ವಾರ ಆಯಿತು, ಏನಾಯಿತು ಅಂತ ಹೇಳುತ್ತೇನೆ.

ಮೀಟಿಂಗಿನಲ್ಲಿ ಜೋರು ಮಾತಾಯಿತು. ತೋಟದಣ್ಣ ಇಲ್ಲಿ ಹೇಳಿದ್ದನ್ನೇ ಅಲ್ಲಿ ಮೂವರು ಹೇಳಿದರು. ಹಿರಿಯರು ಮಾತ್ರ ಮನಸ್ಸು ಬದಲಿಸಿದರು. ನಾನು ಕಾಯಿದೆ ಓದಿ ಹೇಳಿದ್ದಕ್ಕಲ್ಲ. ಅಣ್ಣನ ಮಗಳ ಫ್ರಾಕು ತೆಗೆದುಕೊಂಡು ಹೋಗಿದ್ದೆ. ಮುಟ್ಟಿ ನೋಡಿ "ಇದು ಒಗೆದದ್ದಾ?" ಅಂತ ಮೂರು ಸಲ ಕೇಳಿದರು.

ಕರಾರಿನಲ್ಲಿ ಬರೆದದ್ದು: ಕಲರ್ ಪುಡಿಯ ಡಬ್ಬಿ ಸ್ಟಾಲಿನಲ್ಲಿ ಇರಬಾರದು. ಸಾಸು, ಎಣ್ಣೆಯ ಬಿಲ್ಲು ತೋರಿಸಬೇಕು. 2000 ರೂಪಾಯಿ ಡಿಪಾಸಿಟ್. ಹಲ್ವದವರ ವಿಷಯದಲ್ಲಿ ರಾಜಿ ಮಾಡಿದೆವು, ಅದನ್ನು ಒಪ್ಪಿಕೊಳ್ಳುತ್ತೇನೆ. ಅವರು ಹೊರಗಿನಿಂದ ಪ್ಯಾಕ್ ಮಾಡಿದ್ದು ತರುವವರು. ಲೇಬಲ್ಲು ಇದ್ದರೆ ಸಾಕು ಅಂತ ಬಿಟ್ಟೆವು. ಟೀಚರ್ ಬೈಯಬಹುದು.

ನಿನ್ನೆ ಏಲಂ ಆಯಿತು. ಗೋಬಿಗೆ ಕಳೆದ ಸಲ ನಾಲ್ಕು ಜನ, ಈ ಸಲ ಮೂರು. ಸ್ವಲ್ಪ ಕಡಿಮೆಗೆ ಹೋಯಿತು, ಆದರೆ ಮೇಳದವರ ವೀಳ್ಯಕ್ಕೆ ತೊಂದರೆ ಇಲ್ಲ. ಉಪ್ಪಳದವರನ್ನು ಚರುಮುರಿಯ ಪಕ್ಕ ಹಾಕಿದ್ದೇನೆ. ಬೋರ್ಡು ಕನ್ನಡ, ಮಲಯಾಳ ಎರಡರಲ್ಲೂ ಬರೆಸಲು ಕೊಟ್ಟಾಯಿತು. ಅಕ್ಕ ಹೇಳಿದ ವಾಕ್ಯವೇ.

ಬೊಂಬಾಯಿ ಮಿಠಾಯಿಯವ ವಿಟ್ಲ ಕಡೆಯವ. ಕರಾರು ಓದಿ ಸ್ವಲ್ಪ ಹೊತ್ತು ಸುಮ್ಮನೆ ನಿಂತ. "ಬಿಳಿಯದ್ದೇ ಮಾಡುತ್ತೇನೆ ಸ್ವಾಮಿ. ಆದರೆ ಮಕ್ಕಳು ಬರಬೇಕಲ್ಲ, ಮೇಲೆ ಒಂದು ಗುಲಾಬಿ ಬಲ್ಬು ಹಾಕಬಹುದಾ?" ಅಂತ ಕೇಳಿದ. ಬಲ್ಬಿನ ವಿಷಯ ಕರಾರಿನಲ್ಲಿ ಏನೂ ಇಲ್ಲ ಅಂತ ಹೇಳಿದೆ.

ಪೆರ್ಲದ ತೋಟ

ಬಲ್ಬಿನ ಕರೆಂಟು ಅವನದ್ದಾ, ಸಮಿತಿಯದ್ದಾ?